ಮಧ್ಯಾಹ್ನದ ಮಸೆಗಲ್ಲು

ನಮ್ಮ ಮನೆಯ ಈಳಿಗೆಮಣೆಯ ಬಗ್ಗೆ ಗುಬ್ಬಿಯಿಂದ ಕುಣಿಗಲ್ಲಿನವರೆಗೆ ನಮ್ಮ ನೆಂಟರೆಲ್ಲ ಹೇಳಿಕೊಂಡು ತಿರುಗುವ ಕಥೆಯನ್ನು ನಾನು ಮೊದಲೇ ಖಂಡಿಸಿಬಿಡುತ್ತೇನೆ. ಕಥೆ ಇಷ್ಟು: ತೀರಿಹೋದ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಮಧ್ಯಾಹ್ನ ಎಲ್ಲರೂ ಒಂದು ನಿದ್ದೆ ತೆಗೆಯುವ ಹೊತ್ತಿಗೆ ತುಮಕೂರಿನ ನಮ್ಮ ಮನೆಗೆ ಬಂದು, ತನ್ನ ಈಳಿಗೆಯನ್ನು ತಾನೇ ಮಸೆದಿಟ್ಟು ಹೋಗುತ್ತಾಳೆ. ಗುಬ್ಬಿಯ ಅತ್ತೆ ಹೇಳುವಾಗ ಇದಕ್ಕೆ ವಿಭೂತಿಯ ವಾಸನೆ ಸೇರಿಕೊಳ್ಳುತ್ತದೆ. ಕುಣಿಗಲ್ಲಿನ ಚಿಕ್ಕಪ್ಪ ಹೇಳುವಾಗ ಬಳೆ ಸದ್ದು ಸೇರಿಕೊಳ್ಳುತ್ತದೆ. ತಾತ ಹೋದಮೇಲೆ ಅಜ್ಜಿ ಬಳೆಯನ್ನೇ ತೊಟ್ಟವಳಲ್ಲ. ಸತ್ತ ಮೇಲೆ ಹೊಸದಾಗಿ ಕೊಂಡು ತೊಟ್ಟಳು ಅನ್ನುವುದಕ್ಕೆ ಆಧಾರ ಏನು ಎಂದು ನಾನು ಕೇಳಿದರೆ ಚಿಕ್ಕಪ್ಪ, "ಏನವ್ವಾ ಲಾಯರಮ್ಮ, ನಿಂಗೆ ಎಲ್ಲಾದಕ್ಕೂ ರಸೀದಿ ಬೇಕು" ಅನ್ನುತ್ತಾರೆ. ನಾನು ಲಾಯರಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಅಷ್ಟೆ. ಆಗ ಗೆದ್ದ ಶೀಲ್ಡುಗಳು ಷೋಕೇಸಿನಲ್ಲಿವೆ. ಅವುಗಳ ಹಿಂದೆ ಅಮ್ಮ ಸೂಜಿದಾರದ ಡಬ್ಬ ಇಟ್ಟುಕೊಂಡಿದ್ದಾಳೆ. ಈಗ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದಲ್ಲಿದ್ದೇನೆ. ಯಾರದಾದರೂ ಬೆರಳಿಗೆ ಏಟಾದರೆ "ಗ್ರಹಚಾರ ಮೇಡಂ" ಅನ್ನುತ್ತಾರೆ. ಆ ಗ್ರಹಚಾರ ಯಾವ ಮಷಿನ್ನಿನ ಯಾವ ಮಗ್ಗುಲಿಂದ ಬಂತು ಅಂತ ಕೇಳುವುದಕ್ಕೆ ನನಗೆ ಸಂಬಳ.

ಅಜ್ಜಿಗೂ ಈಳಿಗೆಗೂ ಇದ್ದ ಸಂಬಂಧ ಮಾತ್ರ ನಿಜ. ಊಟವಾದ ಮೇಲೆ ಅಡುಗೆಮನೆ ನೆಲದ ಮೇಲೆ ಕೂತು, ಮಣೆಯನ್ನು ಪಾದದಲ್ಲಿ ಒತ್ತಿ ಹಿಡಿದು, ಎಡಗೈಯಲ್ಲಿ ಮಸೆಗಲ್ಲು ಹಿಡಿದು ಸರ್... ಸರ್... ಎಂದು ಉಜ್ಜುತ್ತಿದ್ದಳು. ಅಜ್ಜಿ ಎಡಚಿ. ಕಲ್ಲು ಸವೆದೂ ಸವೆದೂ ಮಾವಿನ ಓಟೆಯಂತಾಗಿತ್ತು. ಮಸೆದಾದ ಮೇಲೆ ಮೊದಲು ಒಂದು ನಿಂಬೆಹಣ್ಣು ಕೊಯ್ಯಬೇಕು. "ಮಸೆದ ಈಳಿಗೆ ಹಸಿದಿರ್ತದೆ, ಅದ್ರ ಬಾಯಿಗೆ ಮೊದ್ಲು ಏನಾರ ಕೊಟ್ಬುಡ್ಬೇಕು" ಅನ್ನುತ್ತಿದ್ದಳು. ಇನ್ನೊಂದು ಕಟ್ಟಳೆ ಇದಕ್ಕಿಂತ ಕಠಿಣ: ಈಳಿಗೆ ಸೊಸೆಗೆ, ಮಸೆಗಲ್ಲು ಅತ್ತೆಗೆ. ಹೆಚ್ಚುವುದು, ತುರಿಯುವುದು ಎಲ್ಲ ಅಮ್ಮನ ಪಾಲು. ಆದರೆ ಕಲ್ಲನ್ನು ಅಮ್ಮ ಒಂದು ದಿನವೂ ಮುಟ್ಟುವಂತಿರಲಿಲ್ಲ. "ಕಲ್ಲು ಕೊಟ್ರೆ ಮನೇನೇ ಕೊಟ್ಟಂಗೆ" ಎಂದು ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಅಜ್ಜಿ ತೀರಿಕೊಂಡ ಮೇಲೆ ಎಲ್ಲರೂ ಸೇರಿ ಹುಡುಕಿದರೂ ಕಲ್ಲು ಸಿಗಲಿಲ್ಲ. "ಅವ್ವ ಜೊತೇಲೇ ತಗೊಂಡೋದ್ಳು ಕಣೇ, ನಿಮ್ಮಮ್ಮಂಗೆ ಸಿಗಬಾರದು ಅಂತ" ಎಂದು ಅತ್ತೆ ತೀರ್ಪು ಕೊಟ್ಟುಬಿಟ್ಟರು.

ಹೀಗೆ ಈಳಿಗೆ ಮೊಂಡಾಯಿತು. ಟೊಮೇಟೊ ಹೆಚ್ಚಲು ಹೋದರೆ ಜಜ್ಜಿ ರಸ ಮಾಡಿಕೊಡುತ್ತಿತ್ತು. ಹರಿತ ಮಾಡುವುದು ಪವಾಡವಲ್ಲ, ಸರಿಯಾದ ಸಾಧನ ಮತ್ತು ಸರಿಯಾದ ಕೋನ ಎಂದು ಅಮ್ಮನಿಗೆ ಭಾಷಣ ಮಾಡಿ ನಾನು ಕಣಕ್ಕಿಳಿದೆ. ಮೊದಲು ಆನ್‌ಲೈನಿನಲ್ಲಿ ಒಂದು ಪುಟ್ಟ ಯಂತ್ರ ತರಿಸಿದೆ. ಅದರ ಸೀಳಿನಲ್ಲಿ ಚಾಕುವನ್ನು ಇಟ್ಟು ಎಳೆಯಬೇಕು. ಚಾಕುವೇನೋ ಎಳೆದಂತೆ ಬಂತು. ಈಳಿಗೆ ಮಣೆಗೆ ಕಚ್ಚಿಕೊಂಡಿದೆಯಲ್ಲ, ಅದನ್ನು ಎಳೆಯುವುದೆಲ್ಲಿಂದ? ಯಂತ್ರವನ್ನೇ ಬೋರಲು ಹಿಡಿದು ಅಲಗಿನ ಮೇಲೆ ಎಳೆದೆ. "ತಲೆ ಬಾಚ್ತಿದೀಯೇನೇ ಅದಕ್ಕೆ? ಜಡೆನೂ ಹಾಕ್ಬುಡು" ಎಂದಳು ಅಮ್ಮ. ಆಮೇಲೆ ಒಂದು ಮಗ್ಗುಲು ಒರಟು, ಇನ್ನೊಂದು ಮಗ್ಗುಲು ನುಣುಪು ಇರುವ ಇಟ್ಟಿಗೆಯಂಥ ಕಲ್ಲು ಬಂತು. ಒಳಕ್ಕೆ ಬಾಗಿದ ಅಲಗಿಗೆ ಆ ಚಪ್ಪಟೆ ಕಲ್ಲಿನ ಮೂಲೆ ಮಾತ್ರ ತಾಗುತ್ತಿತ್ತು. ವಿಡಿಯೋ ನೋಡಿ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ಅದರ ತಳದ ಒರಟು ಅಂಚಿಗೂ ಉಜ್ಜಿದೆ. ಕಪ್ಪು ಒಡೆಯಿತು, ಅದು ಅಪ್ಪನ ಕಪ್ಪು. ಕೊನೆಗೆ ಸ್ಕೂಟರಿನಲ್ಲಿ ಈಳಿಗೆಮಣೆಯನ್ನು ಮಗುವಿನಂತೆ ಕೂರಿಸಿಕೊಂಡು ಒಂದು ಗ್ರೈಂಡರ್ ಅಂಗಡಿಗೆ ಒಯ್ದೆ. ಅಂಗಡಿಯವನು ಕಿಡಿ ಹಾರಿಸಿ, ದೀಪಾವಳಿ ತೋರಿಸಿ, ಅಲಗನ್ನು ನೀಲಿ ಮಾಡಿ ಕೊಟ್ಟ. ಅತಿ ಕಾದರೆ ಉಕ್ಕಿನ ಹದ ಸತ್ತುಹೋಗುತ್ತದೆ ಎಂದು ನಾನು ಆಮೇಲೆ ಓದಿದೆ. ನಾನು ಓದುವುದೆಲ್ಲ ಆಮೇಲೆಯೇ.

ಸತ್ತ ಈಳಿಗೆಯನ್ನು ಮೂಲೆಗೆ ಒರಗಿಸಿದೆವು. ಕೆಲವು ವಾರಗಳ ಮೇಲೆ ಒಂದು ಸಂಜೆ ಅಮ್ಮ ಬದನೆಕಾಯಿ ಹೆಚ್ಚಲು ಚಾಕು ಸಿಗದೆ ಅದನ್ನೇ ಎಳೆದುಕೊಂಡು ಕೂತಳು. ಬದನೆಕಾಯಿಯ ಜೊತೆಗೆ ಅವಳ ಹೆಬ್ಬೆರಳೂ ಬಿಚ್ಚಿಕೊಂಡಿತು. ಅಲಗಿನಲ್ಲಿ ನೀಲಿ ಇರಲಿಲ್ಲ. ಬೆಳ್ಳಿಯ ಎಳೆಯಂತೆ ಒಂದು ಅಂಚು ಮಾತ್ರ ಇತ್ತು. ಬೆರಳಿಗೆ ಅರಿಶಿನ ಒತ್ತಿಕೊಂಡ ಅಮ್ಮನ ಮುಖ ನೋವಿಗಿಂತ ಬೇರೆ ಏನಕ್ಕೋ ಬಿಳಿಚಿಕೊಂಡಿತ್ತು. "ಮಧ್ಯಾಹ್ನ ಮಲಗಿದಾಗ ಸರ್ ಸರ್ ಅಂತ ಕೇಳಿಸುತ್ತೆ ಅಂದ್ರೆ ನೀನು ಫ್ಯಾನು ಅಂದೆ. ನೋಡು ಈಗ. ನಿಂಬೆಹಣ್ಣು ಕೊಡ್ಲಿಲ್ಲ ಅಂತ ನನ್ನೇ ಕುಯ್ತು" ಎಂದಳು. ಆಮೇಲೆ ಮೆಲ್ಲಗೆ, "ಇಷ್ಟು ವರ್ಷ ಆದ್ರೂ ಈ ಅಡುಗೆಮನೆ ನಂದಲ್ಲ ಕಣೇ. ಭಾನುವಾರ ನಿಮ್ಮ ಚಿಕ್ಕಪ್ಪ ಬಂದು ಈಳಿಗೆ ತಗೊಂಡೋಗ್ಲಿ. ಇಲ್ದಿದ್ರೆ ನಾನು ಚೇಳೂರಿಗೆ, ನಮ್ಮಣ್ಣನ ಮನೆಗೆ ಹೋಗಿ ಇದ್ಬುಡ್ತೀನಿ."

"ಹೋಗೋದಾದ್ರೆ ಸಾರು ಮಾಡಿಟ್ಟು ಹೋಗು" ಎಂದರು ಅಪ್ಪ ಟಿವಿ ಮುಂದಿನಿಂದ. ಆದರೆ ಅಮ್ಮ ನಗಲಿಲ್ಲ. ಅವಳು ನಿಜಕ್ಕೂ ಅಟ್ಟದಿಂದ ಬ್ಯಾಗು ಇಳಿಸಿ ಇಟ್ಟಿದ್ದಳು. ಭಾನುವಾರದೊಳಗೆ ಇದನ್ನು ಮಾಡುತ್ತಿರುವವರು ಯಾರು ಅಂತ ಸಾಬೀತು ಮಾಡುತ್ತೇನೆ, ಅಲ್ಲಿಯವರೆಗೆ ಹೋಗಬೇಡ ಎಂದು ಮಾತು ಕೊಟ್ಟೆ.

ಕಲ್ಲು ಅಲಗಿನ ಎಲ್ಲೆಲ್ಲಿ ತಾಗುತ್ತಿದೆ ಎಂದು ತಿಳಿಯಲು ಅಂಚಿನ ಎರಡೂ ಮಗ್ಗುಲಿಗೆ ಮಾರ್ಕರ್ ಪೆನ್ನಿನ ಕಪ್ಪು ಬಳಿಯುವುದು ಮಸೆಯುವವರ ಒಂದು ಉಪಾಯ. ನಾನದನ್ನು ಪತ್ತೇದಾರಿಕೆಗೆ ಬಳಸಿಕೊಂಡೆ. ಬೆಳಿಗ್ಗೆ ಬಳಿದು ಕೆಲಸಕ್ಕೆ ಹೋದೆ, ಸಂಜೆ ಬಂದು ನೋಡಿದೆ. ಒಂದು ಮಗ್ಗುಲು ಪೂರಾ ಅಳಿಸಿತ್ತು, ಇನ್ನೊಂದು ಮಗ್ಗುಲು ಹಾಗೇ ಇತ್ತು. ಮಣೆಯ ಮುಂದೆ ಕೂತು ಬಲಗೈಯಲ್ಲಿ ಉಜ್ಜುವಂತೆ ಆಡಿಸಿ ನೋಡಿದೆ. ಕೈ ಕಪ್ಪು ಅಳಿಸದ ಮಗ್ಗುಲಿಗೇ ಹೋಗುತ್ತಿತ್ತು. ಎಡಗೈಯಲ್ಲಿ ಆಡಿಸಿದೆ. ಸರಿಯಾಗಿ ಕೂತಿತು. ನಮ್ಮ ಮನೆಯಲ್ಲಿ ಈಗ ಎಡಚರು ಯಾರೂ ಇಲ್ಲ. ಬೆನ್ನಿಗೆ ಯಾರೋ ತಣ್ಣೀರು ಚಿಮುಕಿಸಿದಂತಾಯಿತು ಎಂದು ಬರೆದರೆ ಅತ್ತೆಗೆ ಖುಷಿಯಾಗುತ್ತದೆ, ಅದಕ್ಕೇ ಬರೆಯುವುದಿಲ್ಲ. ಮಣೆಯ ಮೇಲೆ ಬೂದು ಬಣ್ಣದ ಮಡ್ಡಿ ಇನ್ನೂ ಒದ್ದೆಯಾಗಿತ್ತು, ಅದನ್ನು ಬೆರಳಲ್ಲಿ ಮುಟ್ಟಿ ಧೈರ್ಯ ತಂದುಕೊಂಡೆ. ವಾದ ಸರಳ: ಗೋಡೆ ತೂರಿ ಬರುವ ದೆವ್ವಕ್ಕೆ ಮಸೆಯಲು ನೀರು ಯಾಕೆ ಬೇಕು? ನೀರು ಹಾಕಿ ಮಸೆದಿದ್ದಾರೆ ಅಂದರೆ ಕೈಯಿರುವ, ಕಾಲಿರುವ, ನಲ್ಲಿ ತಿರುಗಿಸಲು ಬರುವ ಮನುಷ್ಯರೇ ಆಗಬೇಕು.

ಶನಿವಾರ ಅರ್ಧ ದಿನ ರಜೆ ಹಾಕಿ, ಊಟದ ಹೊತ್ತು ಕಳೆದ ಮೇಲೆ ಹಿತ್ತಲ ಬಾಗಿಲಿಂದ ಮನೆಯೊಳಗೆ ಬಂದೆ. ಬೀದಿ ಪೂರ್ತಿ ಬಿಸಿಲಿಗೆ ಮಲಗಿತ್ತು. ಅಪ್ಪನ ಗೊರಕೆ ನಡುಮನೆಯಿಂದ ಕೇಳುತ್ತಿತ್ತು. ಅದರ ಅಡಿಯಲ್ಲಿ, ಇನ್ನೂ ನಿಧಾನವಾಗಿ, ಸರ್... ಸರ್...

ಅಡುಗೆಮನೆಯಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದವಳು ಅಮ್ಮ. ಪಾದ ಮಣೆಯ ಮೇಲಿತ್ತು. ಬ್ಯಾಂಡೇಜು ಸುತ್ತಿದ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈಯಲ್ಲಿ ಮಾವಿನ ಓಟೆಯಂಥ ಆ ಕಲ್ಲು ಇತ್ತು. ಎಡಗೈಯಲ್ಲಿ ಚಮಚ ಹಿಡಿದರೂ ಚೆಲ್ಲಿಕೊಳ್ಳುವ ಅಮ್ಮ ಒಂದೇ ಹದದಲ್ಲಿ, ಒಂದೇ ಕೋನದಲ್ಲಿ ಮಸೆಯುತ್ತಿದ್ದಳು. ಮಗ್ಗುಲಿಗೆ ಬಂದು ಮುಖ ನೋಡಿದೆ. ಕಣ್ಣುಗಳು ಅರೆ ತೆರೆದಿದ್ದವು. ಅವುಗಳಿಗೆ ನಾನು ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಕಲ್ಲನ್ನು ಅಕ್ಕಿ ಡಬ್ಬದ ತಳಕ್ಕೆ ತೂರಿಸಿ, ನನ್ನನ್ನು ದಾಟಿಕೊಂಡು ಕೋಣೆಗೆ ಹೋಗಿ ಮಲಗಿದಳು. ಸಂಜೆ ಎದ್ದವಳೇ, "ಇವತ್ತೂ ಕೇಳಿಸ್ತು ಕಣೇ. ನಿಂಗೆ ಕೇಳಿಸ್ತಾ?" ಎಂದಳು.

ನನಗೆ ಸಾಬೀತಾಗಿತ್ತು. ನಿದ್ದೆಯಲ್ಲಿ ಎದ್ದು ಕೆಲಸ ಮಾಡುವವರು ಇದ್ದಾರೆ, ಇದರಲ್ಲಿ ದೆವ್ವವೇನಿಲ್ಲ. ಎಡಗೈಯ ಪ್ರಶ್ನೆ ಒಂದು ಉಳಿಯುತ್ತದೆ, ಇರಲಿ. ಆದರೆ ಗೆದ್ದ ವಾದವನ್ನು ಮಂಡಿಸುವುದು ಯಾರ ಮುಂದೆ? ಹೊರಗಿನಿಂದ ಬರುವ ಅಜ್ಜಿಯನ್ನಾದರೆ ಅಮ್ಮ ಗೋಣಿಚೀಲದಲ್ಲಿ ಕಟ್ಟಿ ಕುಣಿಗಲ್ಲಿಗೆ ಕಳಿಸಬಹುದು. ತನ್ನ ಕೈಗೇ ಹೆದರಬೇಕಾಗಿ ಬಂದರೆ ಅದನ್ನು ಯಾವ ಬಸ್ಸಿಗೆ ಹತ್ತಿಸುತ್ತಾಳೆ?

ಭಾನುವಾರ ಚಿಕ್ಕಪ್ಪ ಗೋಣಿಚೀಲದ ಸಮೇತ ಬಂದರು. ಎಲ್ಲರ ಮುಂದೆ ಅಮ್ಮ ಕೇಳಿದಳು. "ಹೇಳು, ಪತ್ತೆ ಮಾಡ್ತೀನಿ ಅಂದ್ಯಲ್ಲ. ಯಾರು?"

"ಅಜ್ಜೀನೇ ಅಮ್ಮ. ಕಣ್ಣಾರೆ ನೋಡಿದೆ."

ಚಿಕ್ಕಪ್ಪನ ಬಾಯಲ್ಲಿದ್ದ ಕೋಡುಬಳೆ ಅಲ್ಲೇ ನಿಂತಿತು. ಅಮ್ಮನಿಗೆ ಮಾತ್ರ ಆಶ್ಚರ್ಯವಾಗಲಿಲ್ಲ. "ಸಿಟ್ಟಾಗಿದ್ರಾ?" ಎಂದಳು.

"ಇಲ್ಲ. ಆರಾಮಾಗಿ ಮಸೀತಿದ್ರು. ಕಲ್ಲನ್ನ ಅಕ್ಕಿ ಡಬ್ಬದಲ್ಲಿ ನಿಂಗೇ ಅಂತ ಇಟ್ಟು ಹೋದ್ರು."

ಅಮ್ಮ ಎದ್ದುಹೋಗಿ ಅಕ್ಕಿಯೊಳಗೆ ಮೊಣಕೈವರೆಗೆ ಕೈ ಹಾಕಿದಳು. ಕಲ್ಲು ಸಿಕ್ಕಿತು. ಅದನ್ನು ಸೆರಗಿನಲ್ಲಿ ಒರೆಸುತ್ತಾ, "ನೋಡೋಕೆ ಹೇಗಿದ್ರು?" ಎಂದಳು.

"ಥೇಟ್ ನಿನ್ನ ಥರಾನೇ ಇದ್ರು."

"ಇರ್ತಾರೆ ಬುಡು, ಅಷ್ಟು ವರ್ಷ ಒಟ್ಟಿಗಿದ್ವಲ್ಲ" ಎಂದು ಕಲ್ಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಿಕ್ಕಪ್ಪ ಗೋಣಿಚೀಲ ಮಡಚಿದರು. ಚೇಳೂರಿನ ಬ್ಯಾಗು ಅಟ್ಟಕ್ಕೆ ಹೋಯಿತು. ಮೊದಲಲ್ಲಿ ನಾನು ಖಂಡಿಸಿದ ಆ ಕಥೆ ಊರೂರು ತಿರುಗಲು ಶುರುವಾದದ್ದು ಅವತ್ತೇ. ಗುಬ್ಬಿಯ ಅತ್ತೆ ಈಗ ಅದನ್ನು ಮುಗಿಸುವುದು ಹೀಗೆ: "ಸುಮ್ನೆ ಹೇಳ್ತಿಲ್ಲ ಕಣ್ರೀ, ಏನನ್ನೂ ನಂಬದ ನಮ್ಮ ಡಿಬೇಟ್ ಹುಡುಗೀನೇ ನೋಡವಳೆ!" ನನ್ನ ವಿರುದ್ಧ ಸಾಕ್ಷಿ ನಾನೇ. ಅಮ್ಮ ಇದನ್ನೆಲ್ಲ ಓದುವುದಿಲ್ಲವೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ನಾನು ಬರೆದದ್ದೆಲ್ಲ ಜಗಳ ಎಂದು ಅವಳ ಅಭಿಪ್ರಾಯ.

ಈಗ ಕಲ್ಲು ಅವಳದೇ, ಎಚ್ಚರವಾಗಿದ್ದಾಗಲೇ ಬಲಗೈಯಲ್ಲಿ ಮಸೆಯುತ್ತಾಳೆ, ನಿಂಬೆಹಣ್ಣೂ ಕೊಡುತ್ತಾಳೆ. ಮೊನ್ನೆ ರಜೆಯ ಮಧ್ಯಾಹ್ನ ನೀರು ಕುಡಿಯಲು ಎದ್ದೆ. ಸರ್... ಸರ್... ಎಂಬ ಸದ್ದು ಬರುತ್ತಿತ್ತು. ಅಮ್ಮನ ಕೋಣೆ ಬಾಗಿಲು ದಾರಿಯಲ್ಲೇ ಇದೆ, ತೆರೆದೂ ಇತ್ತು. ಇಣುಕಿದ್ದರೆ ಹಾಸಿಗೆಯಲ್ಲಿ ಅವಳು ಇದ್ದಾಳೋ ಇಲ್ಲವೋ ಗೊತ್ತಾಗಿಬಿಡುತ್ತಿತ್ತು. ಕೈಗೆಟುಕುವ ಸಾಕ್ಷ್ಯವನ್ನು ನೋಡದೆ ಬಿಡುವುದು ನನ್ನ ವೃತ್ತಿಗೇ ಅವಮಾನ. ನಾನು ಇಣುಕಲಿಲ್ಲ. ಅಡುಗೆಮನೆಯ ಹೊಸ್ತಿಲ ಈಚೆಗೇ ನಿಂತು, ಗಂಟಲು ಸರಿಮಾಡಿಕೊಂಡು, ಕೇಳಿದೆ.

"ಅಜ್ಜೀ, ಕಾಫಿ ಮಾಡ್ಲಾ?"