ಎರಡು ಹಳ್ಳಗಳ ನಡುವಿನ ಮಾವ

ನಮ್ಮ ಮಾವನಷ್ಟು ಊರು ಬದಲಾಯಿಸಿದ ಮನುಷ್ಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ. ಆದರೆ ಅವರು ತಮ್ಮ ಹಗ್ಗದ ಮಂಚವನ್ನು ಒಂದು ಗೇಣೂ ಸರಿಸಿದವರಲ್ಲ! ಸರ್ಕಾರವೇ ಮಂಚದ ಕೆಳಗಿನ ನೆಲವನ್ನು ಎಳೆದು ಒಮ್ಮೆ ಆಚೆ, ಒಮ್ಮೆ ಈಚೆ ಇಡುತ್ತಿತ್ತು.

ಮಾವ ಎಂದರೆ ನನ್ನ ಅವ್ವನ ತಮ್ಮನಲ್ಲ, ಹೆಂಡತಿಯ ಅಪ್ಪನೂ ಅಲ್ಲ. ಊರಿಗೆಲ್ಲ ಮಾವ. ಹಿಂದೆ ಮುಂದೆ ಯಾರೂ ಇಲ್ಲ. ಹೆಂಡತಿ ತೀರಿಕೊಂಡ ವರ್ಷವೇ ಊರೊಳಗಿನ ಮಾಳಿಗೆ ಮನೆ ಮಳೆಗೆ ಕುಸಿಯಿತು. ಆಮೇಲೆ ತಮ್ಮ ಶೇಂಗಾ ಹೊಲದಲ್ಲೇ ಒಂದು ಕೋಣೆ ಹಾಕಿಕೊಂಡು, ಒಂದು ಮೇಕೆ, ಒಂದು ನಾಯಿ ಕಟ್ಟಿಕೊಂಡು ಅಲ್ಲೇ ಉಳಿದರು. ನಮ್ಮೂರಿಗೂ ಆಚೆ ಊರಿಗೂ ನಡುವೆ ಹರಿಯುವ ಹಳ್ಳ, ಅವರ ಹೊಲದ ಹತ್ತಿರ ಎರಡಾಗಿ ಒಡೆದು, ಮುಂದೆ ಹೋಗಿ ಮತ್ತೆ ಒಂದಾಗುತ್ತದೆ. ಆ ಎರಡು ಕವಲುಗಳ ನಡುವೆ ಮಾವನ ಕೋಣೆ. ಹಳ್ಳ ಎಂದೆನೇ? ನೀರಿಗಿಂತ ಕುರಿ ಹರಿದದ್ದೇ ಅದರಲ್ಲಿ ಹೆಚ್ಚು!

ಮಂಡಲ ಪಂಚಾಯ್ತಿ ಇರುವ ತನಕ ತೊಂದರೆ ಇರಲಿಲ್ಲ. ಎರಡೂರೂ ಅದರೊಳಗೇ ಇದ್ದವು. ಅದು ಹೋಗಿ ಗ್ರಾಮ ಪಂಚಾಯ್ತಿಗಳು ಬಂದಾಗ ನಮ್ಮೂರು ಒಂದು ಕಡೆ, ಆಚೆ ಊರು ಇನ್ನೊಂದು ಕಡೆ ಆಯಿತು. ಹಳ್ಳವೇ ಗಡಿ ಎಂದರು. ಗಡಿ ನೋಡಲು ಅಧಿಕಾರಿಯೊಬ್ಬರು ಬಂದರು. ಎಸ್ಸೆಸ್ಸೆಲ್ಸಿ ಓದಿದವನೆಂದು ಊರವರು ನನ್ನನ್ನೇ ಅವರ ಜೊತೆ ಕಳಿಸಿದರು.

ಚೈತ್ರದ ಮಟಮಟ ಮಧ್ಯಾಹ್ನ. ಚಪ್ಪಲಿ ದಾಟಿ ಅಂಗಾಲು ಸುಡುತ್ತಿತ್ತು.

“ಯಾವ ಹಳ್ಳ ರೀ? ಇದೋ, ಅದೋ?” ಎಂದರು ಅಧಿಕಾರಿ.

ಆಚೆ ಕವಲಿಗೆ ಹೋಗಬೇಕೆಂದರೆ ಜಾಲಿಮುಳ್ಳು ದಾಟಬೇಕು. ಅವರಿಗೆ ರಾಂಪುರದ ಬಸ್ಸಿನ ಚಿಂತೆ. ನನಗೆ ಇನ್ನೊಂದು ಯೋಚನೆಯೂ ಬಂತು. ಮಾವ ಸಭೆಗೆ ಬಂದರೆ ಕೇಳುವ ಪ್ರಶ್ನೆಗಳಿಗೆ ಲೆಕ್ಕವಿಲ್ಲ; ಆ ಕಾಟ ಇನ್ನು ಆಚೆ ಊರಿಗಿರಲಿ! ಈಚೆ ಕವಲನ್ನೇ ತೋರಿಸಿ “ಇದೇ ಸಾರ್” ಎಂದೆ. ಮರುದಿನ ಮಧ್ಯಾಹ್ನ ಆಚೆ ಊರಿನ ಹಿರಿಯ ತನ್ನ ಮಗ್ಗುಲಿನ ಕವಲನ್ನು ತೋರಿಸಿ “ಇದೇ ಸಾರ್” ಎಂದನಂತೆ. ಅವನಿಗೂ ಬಿಸಿಲಲ್ಲವೇ? ಹೀಗೆ ನಮ್ಮೂರ ಗಡಿ ಈಚೆ ಕವಲಿಗೇ, ಅವರೂರ ಗಡಿ ಆಚೆ ಕವಲಿಗೇ ನಿಂತು, ಇಬ್ಬರು ಗೃಹಸ್ಥರ ಸೋಮಾರಿತನದಿಂದ ಮಾವ ಯಾವ ಊರಿಗೂ ಇಲ್ಲದವರಾದರು.

ಬೀದಿ ದೀಪ ಕೇಳಲು ಮಾವ ನಮ್ಮ ಪಂಚಾಯ್ತಿಗೆ ಬಂದರು. ಅಷ್ಟರಲ್ಲಿ ನಾನು ಮೆಂಬರಾಗಿದ್ದೆ. “ನಿಮ್ದು ಆಚೆ ಊರು ಮಾವ” ಎಂದು ಕಳಿಸಿದೆವು. ಅಲ್ಲಿಗೆ ಹೋದರೆ ಅವರು ತೆಲುಗಿನಲ್ಲಿ “ಮೀದಿ ಆ ಊರು ಕದಾ ಮಾವಾ!” ಎಂದು ನಮ್ಮ ಕಡೆ ಕೈ ತೋರಿಸಿದರು. ಎರಡು ಭಾಷೆಯಲ್ಲಿ ಒಂದೇ ಉತ್ತರ ಕೇಳಿ ಬಂದ ಮಾವ ಒಂದು ತೀರ್ಮಾನಕ್ಕೆ ಬಂದರು: ತಮ್ಮದೇ ಒಂದು ಪಂಚಾಯ್ತಿ!

ಬೇವಿನ ಮರದ ಕೆಳಗೆ ಗ್ರಾಮಸಭೆ. ಮಾವ ಅಧ್ಯಕ್ಷರು, ನಾಯಿ ಸೆಕ್ರೆಟರಿ, ಮೇಕೆ ವಿರೋಧ ಪಕ್ಷ. ನಾವು ನಾಲ್ಕಾರು ಜನ ನೋಡಲು ಹೋದೆವು.

“ಮಾವ, ನಿಮ್ಮ ಸಭೆಗೆ ಕೋರಂ ಐತೇನ್ರಿ?”

“ಐತೆ ಕಣ್ರಲೇ. ನಿಮ್ಮಂಗೆ ಇಲ್ಲಿ ಯಾರೂ ತೂಕಡಿಸಲ್ಲ.”

“ಮೇಕೆ ಏನೋ ಹೇಳ್ತಾ ಐತಲ್ರಿ?”

“ರಸ್ತೆ ಕೇಳ್ತೈತೆ. ಮುಂದಿನ ಮೀಟಿಂಗಲ್ಲಿ ನೋಡಣ ಅಂದೀನಿ. ನಿಮ್ಮತ್ರಾನೇ ಕಲ್ತಿದ್ದು!”

ಹೊಟ್ಟೆ ಹಿಡಿದು ನಕ್ಕೆವು. ಹೊರಡುವಾಗ ಮಾವ “ಇನ್ನೊಂದೀಟು ಕೂತ್ಕಳ್ರಲೇ, ಸಭೆ ಮುಗಿದಿಲ್ಲ” ಎಂದರು. ನಮಗೆ ಕೆಲಸವಿತ್ತು.

ದಾವಣಗೆರೆ ಬೇರೆ ಜಿಲ್ಲೆಯಾದ ಕಾಲದಲ್ಲಿ ನಮ್ಮ ತಾಲ್ಲೂಕು ಬಳ್ಳಾರಿಗೆ ಹೋಗುತ್ತದಂತೆ, ಇಲ್ಲವಂತೆ ಎಂದು ದಿನಕ್ಕೊಂದು ಸುದ್ದಿ. ಆಗೊಮ್ಮೆ ಚಳ್ಳಕೆರೆ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಮಾವನನ್ನು “ಯಾವೂರಜ್ಜಾ?” ಎಂದು ಕೇಳಿಬಿಟ್ಟ. ಪಾಪ, ಅವನಿಗೇನು ಗೊತ್ತು! ಮಾವ ಮಂಡಲ ಪಂಚಾಯ್ತಿಯಿಂದ ಶುರುಮಾಡಿದರು. ಅವರು ಎರಡನೇ ಕವಲಿಗೆ ಬರುವಷ್ಟರಲ್ಲಿ ಬಸ್ಸು ತಳುಕು ದಾರಿ ಹಿಡಿದಿತ್ತು.

ಇನ್ನೊಂದು ಹುಚ್ಚು ಹೇಳಬೇಕು. ನಮ್ಮ ಕಡೆ ಊರಲ್ಲಿ ಸಾವಾದರೆ ಹೆಣ ಎತ್ತುವ ತನಕ ಯಾರ ಮನೆಯಲ್ಲೂ ಒಲೆ ಹಚ್ಚುವುದಿಲ್ಲ. ಮಾವ ನಮ್ಮೂರಿನ ಸಾವಿಗೂ ಒಲೆ ಹಚ್ಚುತ್ತಿರಲಿಲ್ಲ, ಆಚೆ ಊರಿನ ಸಾವಿಗೂ ಹಚ್ಚುತ್ತಿರಲಿಲ್ಲ. ಎರಡೂರಿನ ಉಪವಾಸ ಒಂದೇ ಹೊಟ್ಟೆಗೆ! ಒಂದು ಸಲ ಎದುರಿಗೆ ಸಿಕ್ಕಾಗ ರೇಗಿಸಿದೆ: “ದೀಪ ಕೊಡ್ದಿರೋ ಊರಿಗೆ ಯಾಕ್ರಿ ಮಾವ ಹಸ್ಕಂಡಿರ್ತೀರಿ?”

“ದೀಪ ಹಾಳಾಗ್ಲಿ ಬಿಡು. ನಾನು ಸತ್ರೆ ಯಾವೂರಾಗೆ ಒಲೆ ಹಚ್ಚಲ್ಲ? ಅದೊಂದು ಹೇಳು ಮೆಂಬರಪ್ಪ.”

“ಅರ್ಜಿ ಕೊಡ್ರಿ ಮಾವ, ಮೀಟಿಂಗಿಗೆ ಇಡ್ತೀನಿ” ಎಂದು ನಕ್ಕೆ.

ಮಾವ ಮೇಕೆಯ ಹಗ್ಗ ಹಿಡಿದುಕೊಂಡು ಹಳ್ಳಕ್ಕೆ ಇಳಿದರು.

ಕೆಲವು ವರ್ಷ ಕಳೆದವು. ಒಂದು ಬೆಳಿಗ್ಗೆ ಕುರಿ ಕಾಯುವವನೊಬ್ಬ ಬಂದು, “ಮಾವ ಮಂಚದ ಮ್ಯಾಲೇ ಹೋಗ್ಬಿಟ್ಟವ್ರೆ” ಎಂದ. ಓಡಿದೆ. ಮಂಚದ ಕೆಳಗೆ ನಾಯಿ ಮಲಗಿತ್ತು. ಮುಖಕ್ಕೆ ಪಂಚೆ ಹೊದಿಸಿ, ಕುರಿಯವನನ್ನು ಅಲ್ಲಿ ಕೂರಿಸಿ ಹೊರಗೆ ಬಂದು ನಿಂತೆ. ಬಯಲು ಸೀಮೆ, ಕಣ್ಣಿಗೆ ಏನೂ ಅಡ್ಡವಿಲ್ಲ. ಈಚೆ ನೋಡಿದರೆ ನಮ್ಮೂರ ಮನೆಗಳ ಮೇಲೆ ಹೊಗೆ. ಆಚೆ ನೋಡಿದರೆ ಆ ಊರಿನ ಮೇಲೂ ಹೊಗೆ. ಕುರಿಯವನು ಆಗಲೇ ಎರಡೂರಿಗೂ ಸುದ್ದಿ ಮುಟ್ಟಿಸಿದ್ದ. ನಮ್ಮವನಲ್ಲ ಎಂದು ಇವರು, ನಮ್ಮವನಲ್ಲ ಎಂದು ಅವರು, ರೊಟ್ಟಿ ಬಡಿಯುತ್ತಿದ್ದರು. ಅವತ್ತು ನಾನು ಜಾಲಿಮುಳ್ಳು ದಾಟಿದ್ದರೆ ಈಚೆ ಕಡೆ ಆ ಹೊಗೆ ಇರುತ್ತಿರಲಿಲ್ಲ.

ಮನೆಗೆ ಬಂದವನೇ ಒಂದು ಚೊಂಬು ನೀರು ತಂದು ಒಲೆಗೆ ಸುರಿದೆ. ಬುಸ್ಸೆಂದು ಬೂದಿ ಎದ್ದಿತು. ಹಂಚಿನ ಮೇಲಿನ ರೊಟ್ಟಿ ಅರ್ಧ ಬೆಂದಿತ್ತು. ಹೆಂಡತಿ ದಿಗಿಲುಬಿದ್ದು, “ಅಯ್ಯೋ, ಊರಾಗೆ ಯಾರ್ ಹೋದ್ರು?” ಎಂದಳು.

“ನಮ್ಮೂರೋರು” ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋಗಿ ಪಕ್ಕದ ಮನೆಯವಳನ್ನು ಕೂಗಿದಳು:

“ಒಲೆ ಆರ್ಸವ್ವಾ, ನಮ್ಮೂರಾಗೆ ಸಾವಾಗೈತೆ!”