ಜೀವಂತ ಕೋಶಗಳ ಗಣತಿ

ಹುಣಸೂರಿನ ನಲ್ಲಿನೀರು ಸುಧಾರಣಾ ಕಚೇರಿಯಲ್ಲಿ ಒಟ್ಟು ಒಂಬತ್ತು ಕೋಶಗಳಿದ್ದು, ಅವುಗಳಲ್ಲಿ ಒಂದಕ್ಕೂ ಜೀವವಿಲ್ಲ ಎಂಬುದು ದಾಖಲೆಯಲ್ಲಿ ಸಾಬೀತಾದ ಸಂಗತಿ. ಗಣತಿ ಮಾಡಿದವನು ನಾನೇ, ಟಪಾಲು ಗುಮಾಸ್ತ ಮಲ್ಲೇಶ್. ಆದ್ದರಿಂದ ಅನುಮಾನ ಬೇಡ.

ಗುರುಪುರದ ಪಕ್ಕದ ಹಳ್ಳಿಯೊಂದರ ನೀರಿನ ಟ್ಯಾಂಕಿಗೆ ನಮ್ಮ ಕಚೇರಿ ಗ್ರಾಫೀನ್ ಎಂಬ ಕರಿಪುಡಿ ಹಾಕಿಸುತ್ತಿತ್ತು. ಪೆನ್ಸಿಲ್ ಕಡ್ಡಿಯೊಳಗಿನ ಕಪ್ಪನ್ನು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಸೀಳಿದರೆ ಅದೇ. ಅದು ಕೊಳೆ ಹೀರುತ್ತದೆ ಎಂದು ಪುಡಿ ಮಾರಿದವರು ಹೇಳಿದ್ದರು. ಅವರು ಹಾಕಿಸಿದ ಬಾಡೂಟ ಉಂಡ ಮೇಲೆ ನಾವೂ ಒಪ್ಪಿದ್ದೆವು.

ವಾರದೊಳಗೆ ಅಂಗನವಾಡಿಯ ಇಪ್ಪತ್ತೆರಡು ಮಕ್ಕಳಿಗೂ ಹೊಟ್ಟೆನೋವು. ಅಲ್ಲಿ ಅಡುಗೆ ಮಾಡುವ ಸುನಂದಮ್ಮ ಬಾಟಲಿಯಲ್ಲಿ ನೀರು ಹಿಡಿದು ಮೈಸೂರಿನ ಪ್ರಯೋಗಾಲಯಕ್ಕೆ ಕೊಂಡೊಯ್ದರು. ‘ಈ ಪುಡಿಯು ಜೀವಂತ ಕೋಶಗಳಿಗೆ ವಿಷಕಾರಿ, ಕೋಶದ ಪೊರೆಯನ್ನು ಸೀಳಬಲ್ಲದು’ ಎಂದು ವರದಿ ಬಂತು. ಪುಡಿ ಹಾಕುವುದನ್ನು ನಿಲ್ಲಿಸಿ ಎಂದು ಅವರು ಅರ್ಜಿ ಕೊಟ್ಟರು.

ವರದಿ ಓದಿ ನಮ್ಮ ಅಧಿಕಾರಿ ಮಹದೇವಪ್ರಸಾದ್ ಸಾಹೇಬರು ಬಿಳಿಚಿಕೊಂಡರು. “ನಮ್ಮ ಕೋಶಗಳಿಗೇ ಬಂತಲ್ರೀ. ಯಾವ್ಯಾವುದು ಜೀವಂತ ಇದೆ, ಲೆಕ್ಕ ತಗೊಳ್ರೀ ಮಲ್ಲೇಶ್.”

ನಿಯಮ ರಚಿಸಲಾಯಿತು: ಹಿಂದಿನ ಮೂರು ವರ್ಷಗಳಲ್ಲಿ ಒಂದು ಕಡತವನ್ನಾದರೂ ವಿಲೇವಾರಿ ಮಾಡಿದ ಕೋಶವನ್ನು ಜೀವಂತವೆಂದು ಪರಿಗಣಿಸತಕ್ಕದ್ದು. ಮೇಜು ಮೇಜಿಗೆ ಹೋಗಿ ನೋಡಿದೆ. ದೂರು ಕೋಶದಲ್ಲಿ ಹಲ್ಲಿ ಮೊಟ್ಟೆಯಿಟ್ಟಿತ್ತು. ಮಾಹಿತಿ ಕೋಶದಲ್ಲಿ ಕುರ್ಚಿ ಎಲ್ಲಿ ಹೋಯಿತೆಂಬ ಮಾಹಿತಿಯೂ ಇರಲಿಲ್ಲ. ಜಾಗೃತ ಕೋಶದಲ್ಲಿ ವಾಣಿಶ್ರೀ ಮೇಡಂ ನಿದ್ದೆಯಲ್ಲಿದ್ದರು, ಎಬ್ಬಿಸಲಿಲ್ಲ. ಒಂಬತ್ತಕ್ಕೆ ಒಂಬತ್ತೂ ನಿರ್ಜೀವ. ‘ಹಾನಿಯ ಪ್ರಶ್ನೆಯೇ ಉದ್ಭವಿಸುವುದಿಲ್ಲ’ ಎಂದು ವರದಿಗೆ ಹಿಂಬರಹ ಕಳಿಸಿ, ಅರ್ಜಿಯನ್ನು ಬಾಕಿ ಇಟ್ಟೆವು.

ಸುನಂದಮ್ಮ ಮರುದಿನವೇ ಬಂದರು. “ನಿಮ್ ಆಫೀಸಿನ ಕೋಶ ಅಲ್ಲ ಕಣ್ರೀ ಸ್ವಾಮಿ. ಮಕ್ಳ ಮೈಯೊಳಗಿರೋ ಕೋಶ.”

“ಅದನ್ನ ಯಾವ ಆದೇಶದಲ್ಲಿ ಸೃಜಿಸಿದ್ದಾರಮ್ಮ?” ಎಂದರು ಸಾಹೇಬರು.

“ದೇವ್ರು ಮಾಡಿರೋದು.”

“ಆದೇಶದ ಪ್ರತಿ ಇದ್ಯಾ?”

ಸುನಂದಮ್ಮನವರಿಗೆ ಅಳು ಬಂತು. “ನನ್ ಅರ್ಜಿನಾದ್ರೂ ವಿಲೇವಾರಿ ಮಾಡಿ.”

“ಮಾಡಿದ್ರೆ ದೂರು ಕೋಶಕ್ಕೆ ಜೀವ ಬಂದ್ಬಿಡ್ತದೆ ನೋಡಮ್ಮ. ಜೀವ ಬಂದ್ರೆ ವಿಷ ತಗಲ್ತದೆ. ಸಿಬ್ಬಂದಿ ಸುರಕ್ಷತೆ ನನ್ ಜವಾಬ್ದಾರಿ ಅಲ್ವಾ?”

ನಾವೆಲ್ಲ ತಲೆದೂಗಿದೆವು. ನನಗೆ ಕರುಳು ಚುರುಕ್ ಎಂದದ್ದು ನಿಜ, ಆದರೆ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಚೇರಿಗಳೂ ನಮ್ಮ ಹಿಂಬರಹದ ಪ್ರತಿ ತರಿಸಿಕೊಂಡು, ಮುನ್ನೆಚ್ಚರಿಕೆಯಾಗಿ ಕೆಲಸ ನಿಲ್ಲಿಸಿದವು. ಜನರಿಗೆ ವ್ಯತ್ಯಾಸವೇನೂ ಗೊತ್ತಾಗಲಿಲ್ಲ.

ಆಮೇಲೆ ಅಂಗನವಾಡಿ ಮುಂದೆ ಶಾಮಿಯಾನ ಹಾಕಿಸಿ ಪ್ರಕಟಣೆ ಓದಿದೆವು: ‘ನನ್ನ ದೇಹದಲ್ಲಿ ಯಾವುದೇ ಜೀವಂತ ಕೋಶ ಇರುವುದಿಲ್ಲ’ ಎಂದು ಘೋಷಿಸಿದವರಿಗೆ ಮಾತ್ರ ನಲ್ಲಿನೀರು ಮುಂದುವರಿಯುವುದು. ಮಕ್ಕಳ ಪರವಾಗಿ ಪೋಷಕರು ಸಹಿ ಮಾಡತಕ್ಕದ್ದು.

“ನೀರು ನಿಂತೋದ್ರೆ ಏನ್ ಮಾಡಾದು, ಆಕ್ಬುಡ್ಲಾ ಸೈನು” ಎಂದು ರೈತ ಚಿಕ್ಕಣ್ಣ ಸಾಲಿನಲ್ಲಿ ಹಿಂದೆ ನಿಂತವನಿಗೆ ಹೇಳಿ, ಎಮ್ಮೆಯ ಪರವಾಗಿಯೂ ಒಂದು ಹಾಕಿದ. ಮಧ್ಯಾಹ್ನದೊಳಗೆ ಊರಿಗೆ ಊರೇ ಸಹಿ ಮಾಡಿ ಮುಗಿಸಿತು.

ಸುನಂದಮ್ಮ ಮಾತ್ರ ಪುಡಿ ಬೀಳದ ಗುರುಪುರದ ಟಿಬೆಟ್ ಕ್ಯಾಂಪಿನಿಂದ ಮಕ್ಕಳಿಗೆಂದು ಒಂದು ಕೊಡ ನೀರು ಹೊತ್ತು ತಂದು ಜಗಲಿಯ ಮೇಲಿಟ್ಟರು. ಬಿಸಿಲಲ್ಲಿ ಬೆವೆತಿದ್ದ ಸಾಹೇಬರು ಲೋಟ ಚಾಚಿದರು. ಚಿಕ್ಕಣ್ಣ ನಲ್ಲಿ ತೋರಿಸಿದ.

“ನನ್ನ ಘೋಷಣೆ ಇನ್ನೂ ಮಂಜೂರಾಗಿಲ್ಲಪ್ಪ” ಎಂದು ಸಾಹೇಬರು ಕೊಡದಿಂದಲೇ ಬಗ್ಗಿಸಿಕೊಂಡರು. ನಮ್ಮದೂ ಆಗಿರಲಿಲ್ಲ, ಆದ್ದರಿಂದ ನಾವೂ ಸಾಲು ನಿಂತೆವು. ಜನ ಮರ್ಯಾದೆಯಿಂದ ದಾರಿ ಬಿಟ್ಟರು. ಕೊಡ ಖಾಲಿಯಾಯಿತು.

ಸುನಂದಮ್ಮ ಅದನ್ನೆತ್ತಿಕೊಂಡು ಮತ್ತೆ ಕ್ಯಾಂಪಿನ ದಾರಿ ಹಿಡಿದರು. ಅಷ್ಟರಲ್ಲಿ ಮಕ್ಕಳು ನಲ್ಲಿ ತಿರುಗಿಸಿ ಬೊಗಸೆಯೊಡ್ಡಿದವು. ಅವುಗಳ ದಾಖಲೆ ಸರಿಯಾಗಿತ್ತು, ಯಾರೂ ತಡೆಯಲಿಲ್ಲ.