ಪ್ರತಿ ಕಾರ್ಡಿಗೆ ಕನಿಷ್ಠ ಮೂರು ಕುಂದು

ಯಾವುದು ಮನುಷ್ಯರ ಕೈ, ಯಾವುದು ಯಂತ್ರ ಎಂಬ ವಿಷಯದಲ್ಲಿ ಸಾರ್ವಜನಿಕರಿಗಿದ್ದ ಗೊಂದಲವನ್ನು ಕರಕುಶಲ ಇಲಾಖೆಯು ಒಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಶಾಶ್ವತವಾಗಿ ನಿವಾರಿಸಿತು. ಅಂದು ಹೊರಬಿದ್ದ ಸುತ್ತೋಲೆಯ ಪ್ರಕಾರ, ಕರಕುಶಲ ಭವನದ ಮಳಿಗೆಗಳಲ್ಲಿ ಮಾರುವ ಪ್ರತಿಯೊಂದು ಶುಭಾಶಯ ಪತ್ರವೂ ಕೈಯಿಂದಲೇ ಮಾಡಿದ್ದೆಂದು ಇಲಾಖೆಯಿಂದ ದೃಢೀಕರಣ ಪಡೆದಿರತಕ್ಕದ್ದು. ದೃಢೀಕರಣದ ವಿಧಾನ ಸರಳವಾಗಿತ್ತು. ‘ಮನುಷ್ಯರು ಸ್ವಭಾವತಃ ತಪ್ಪು ಮಾಡುವವರಾದ್ದರಿಂದ, ಕೈಯಿಂದ ಮಾಡಿದ ಪ್ರತಿ ಕಾರ್ಡಿನಲ್ಲಿಯೂ ಕನಿಷ್ಠ ಮೂರು ಕುಂದುಗಳಿರತಕ್ಕದ್ದು. ಅವುಗಳಲ್ಲಿ ಒಂದು ಸೊಟ್ಟವೂ, ಒಂದು ಶಾಯಿಯ ಕಲೆಯೂ, ಒಂದು ಅಂಟಿನ ಗುರುತೂ ಆಗಿರತಕ್ಕದ್ದು. ಕುಂದಿಲ್ಲದ ಕಾರ್ಡುಗಳನ್ನು ಯಂತ್ರದಿಂದ ತಯಾರಾದವೆಂದು ಪರಿಗಣಿಸಲಾಗುವುದು.’ ಸುತ್ತೋಲೆಯಲ್ಲಿಯೇ ಹದಿನಾಲ್ಕು ತಪ್ಪುಗಳಿದ್ದುದರಿಂದ ಅದನ್ನು ಮನುಷ್ಯರೇ ಬರೆದಿದ್ದಾರೆ ಎಂಬುದರಲ್ಲಿ ಯಾರಿಗೂ ಸಂಶಯ ಬರಲಿಲ್ಲ.

ಸುತ್ತೋಲೆ ಭವನದ ಒಂಬತ್ತನೇ ಮಳಿಗೆಗೆ ಬಂದಾಗ ಅಲ್ಲಿ ಕಾರ್ಡಕ್ಕ, ಬಂದ ಆಕಳಿಕೆಯನ್ನೂ ತಡೆದುಕೊಂಡು, ರಬ್ಬರ್ ಅಚ್ಚು ಒತ್ತುತ್ತಿದ್ದಳು. ಐವತ್ತೆರಡು ವರ್ಷದ ಈ ಹೆಂಗಸು ಇಪ್ಪತ್ತಾರು ವರ್ಷಗಳಿಂದ ಮಾಡುತ್ತ ಬಂದದ್ದು ಇದೊಂದೇ ಕೆಲಸ. ದಪ್ಪ ಹಾಳೆಯನ್ನು ಚಮಚದ ಬೆನ್ನಿನಿಂದ ಉಜ್ಜಿ ಎರಡಾಗಿ ಮಡಿಸುವುದು, ಹೂವಿನದೋ ಗೀಟಿನದೋ ಚಿತ್ತಾರದ ಕಾಗದ ಕತ್ತರಿಸಿ ಅಂಟಿಸುವುದು, ಹಕ್ಕಿಯದೋ ಕೊಡೆಯದೋ ಅಚ್ಚನ್ನು ಶಾಯಿಯ ಮೆತ್ತೆಗೆ ಮುಟ್ಟಿಸಿ, ಉಸಿರು ಬಿಗಿಹಿಡಿದು, ಅತ್ತಿತ್ತ ಅಲುಗಿಸದೆ ಒತ್ತಿ, ನೇರಕ್ಕೆ ಎತ್ತುವುದು. ಅಳತೆಪಟ್ಟಿಯನ್ನು ಅವಳು ಮುಟ್ಟಿದವಳೇ ಅಲ್ಲ. ಕಣ್ಣಂದಾಜಿನಲ್ಲಿ ಇಟ್ಟ ಹಕ್ಕಿ ಕೂದಲೆಳೆಯಷ್ಟೂ ಆಚೀಚೆಯಾಗದೆ ಕಾರ್ಡಿನ ನಟ್ಟನಡುವೆ ಕೂರುತ್ತಿತ್ತು.

ಕೊನೆಗೆ ಕಾರ್ಡಿನ ಬೆನ್ನಿಗೆ ಅವಳು ಇನ್ನೊಂದು ಸಣ್ಣ ಅಚ್ಚು ಒತ್ತುತ್ತಿದ್ದಳು: ‘ಕೈಯಿಂದ ಮಾಡಿದ್ದು.’ ಮದುವೆಯಾದ ಹೊಸದರಲ್ಲಿ ಆ ಅಚ್ಚನ್ನು ಒಂದು ರಬ್ಬರಿನ ತುಂಡಿನಲ್ಲಿ ಬ್ಲೇಡಿನಿಂದ ಅವಳೇ ಕೊರೆದುಕೊಂಡಿದ್ದಳು. ಮನೆ ಗಂಡನದು, ಮಳಿಗೆ ಭವನದ್ದು, ಕೂರುವ ಕುರ್ಚಿ ಪಕ್ಕದ ಮಳಿಗೆಯವರದ್ದು. ತನ್ನದು ಎಂದು ಅವಳು ಎದೆ ತಟ್ಟಿ ಹೇಳಬಹುದಾಗಿದ್ದದ್ದು ಆ ಒಂದು ಸಾಲು ಮಾತ್ರ. ದೃಢೀಕರಣ ಸಿಗದಿದ್ದರೆ ಆ ಸಾಲನ್ನು ಒತ್ತುವಂತಿರಲಿಲ್ಲ, ಮಳಿಗೆಯಲ್ಲಿ ಕೂರುವಂತೆಯೂ ಇರಲಿಲ್ಲ.

ಬುಧವಾರ ಕುಂದು ಪರೀಕ್ಷಕರು ಬಂದರು. ಸಣಕಲು ಆಸಾಮಿ, ಕೈಯಲ್ಲಿ ಭೂತಗನ್ನಡಿ, ಜೇಬಿನಲ್ಲಿ ಮಕ್ಕಳ ಕಂಪಾಸ್ ಪೆಟ್ಟಿಗೆ. ಸಭ್ಯರು. ಕಾರ್ಡನ್ನು ಕೈಗೆತ್ತಿಕೊಂಡು ಇಪ್ಪತ್ತು ನಿಮಿಷ ನೋಡಿದರು.

“ಅಮ್ಮಾ, ಇದರಲ್ಲಿ ಸೊಟ್ಟ ಎಲ್ಲಿದೆ?”

“ಸೊಟ್ಟ ಇಲ್ಲ ಸಾರ್.”

“ಗಾಬರಿ ಆಗಬೇಡಿ. ನಿಧಾನವಾಗಿ ಹುಡುಕಿ. ಕಲೆಯಾದ್ರೂ ಇರಬೇಕಲ್ಲ?”

“ಕಲೆ ಬಿದ್ರೆ ಆ ಕಾರ್ಡು ಎಸೆದುಬಿಡ್ತೀನಿ ಸಾರ್.”

ಪರೀಕ್ಷಕರು ನೊಂದುಕೊಂಡರು. “ಛೆ ಛೆ! ಸಾಕ್ಷಿ ನಾಶ ಮಾಡ್ಕೊಂಡ್ರಲ್ಲ.”

ಕಾರ್ಡಕ್ಕನಿಗೆ ರೇಗಿತು. “ಸಾರ್, ನಿಮ್ಮ ಕಣ್ಣೆದುರಿಗೇ ಒಂದು ಮಾಡಿ ತೋರಿಸ್ತೀನಿ, ಆಮೇಲೆ ಹೇಳಿ ಇದು ಕೈಯೋ ಅಲ್ವೋ ಅಂತ” ಎಂದವಳೇ ಹಾಳೆ ಎಳೆದುಕೊಂಡು, ಮಡಿಸಿ, ಅಂಟಿಸಿ, ಒತ್ತಿ, ನಾಲ್ಕು ನಿಮಿಷದಲ್ಲಿ ಕಾರ್ಡು ಮುಗಿಸಿ ಮುಂದಿಟ್ಟಳು. ಪರೀಕ್ಷಕರು ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. ಪುಸ್ತಕ ತೆಗೆದು ಬರೆದುಕೊಂಡರು: ‘ಯಂತ್ರವು ಕಾರ್ಯನಿರ್ವಹಿಸುವುದನ್ನು ಖುದ್ದಾಗಿ ಪರಿಶೀಲಿಸಲಾಯಿತು.’

ಆಮೇಲೆ ಅವರು ಎದುರಿನ ಹತ್ತನೇ ಮಳಿಗೆಗೆ ಹೋದರು. ಅದು ಒಬ್ಬ ಕಾರ್ಖಾನೆ ಮಾಲೀಕರದ್ದು. ಅವರ ಕಾರ್ಡುಗಳನ್ನು ಊರಾಚೆಯ ಶೆಡ್ಡಿನಲ್ಲಿ ಒಂದು ಯಂತ್ರ ದಿನಕ್ಕೆ ನಲವತ್ತು ಸಾವಿರದಂತೆ ಉದುರಿಸುತ್ತಿತ್ತು. ಸುತ್ತೋಲೆ ಬರುವುದು ಮಾಲೀಕರಿಗೆ ಒಂದು ತಿಂಗಳು ಮೊದಲೇ ಗೊತ್ತಿತ್ತು. ಏಕೆಂದರೆ ಅದರ ಕರಡು ಬರೆದವರು ಅವರೇ. ಯಂತ್ರಕ್ಕೆ ಕುಂದು ಹಾಕುವ ಒಂದು ಚಕ್ರ ಜೋಡಿಸಿದ್ದರು. ಒಂದು ಕಾರ್ಡಿನಲ್ಲಿ ಹಕ್ಕಿ ಮುಗ್ಗರಿಸಿದ್ದರೆ ಇನ್ನೊಂದರಲ್ಲಿ ಕೊಡೆಗೆ ಮಸಿ ಮೆತ್ತಿಕೊಂಡಿತ್ತು, ಒಂದರ ಹಾಗೆ ಇನ್ನೊಂದಿರಲಿಲ್ಲ. ಪರೀಕ್ಷಕರು ಭೂತಗನ್ನಡಿ ಕೆಳಗಿಟ್ಟರು. “ಪಾಪ, ಎಷ್ಟು ಒದ್ದಾಡಿದೆ ಈ ಕೈ!” ಎಂದು ಅಲ್ಲೇ ದೃಢೀಕರಣ ಬರೆದುಕೊಟ್ಟರು. ಕಾರ್ಡಕ್ಕನಿಗೆ ಹದಿನೈದು ದಿನಗಳ ಕಾಲಾವಕಾಶ ಕೊಟ್ಟರು.

ಅವಳು ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತಳು. ಗಂಡ, ಗಡಿಯಾರ ರಿಪೇರಿಯ ಅಂಗಡಿ ಮುಚ್ಚಿ ಮನೆ ಹಿಡಿದಿದ್ದ ಮನುಷ್ಯ, ವಿಷಯ ಕೇಳಿ ಪತ್ರಿಕೆಯಿಂದ ತಲೆ ಎತ್ತಿದ. “ಅಷ್ಟೇನಾ? ತಪ್ಪು ಮಾಡೋದು ಒಂದು ಕೆಲಸವೇನೇ? ತಾ ಇಲ್ಲಿ.”

ಅವನು ಒಂದು ಅಚ್ಚು ಒತ್ತಿದ. ಹಕ್ಕಿ ತಲೆಕೆಳಗಾಯಿತು, ರೆಕ್ಕೆಯ ಮೇಲೆ ಅವನ ಹೆಬ್ಬೆಟ್ಟು ಮೂಡಿತು, ಚಿತ್ತಾರದ ಕಾಗದ ಅವನ ಮೊಣಕೈಗೆ ಅಂಟಿಕೊಂಡು ಹೋಯಿತು. ಲೆಕ್ಕ ಹಾಕಿದರೆ ಏಳು ಕುಂದುಗಳಿದ್ದವು.

“ನೋಡು” ಎಂದ ಗಂಡ. “ಇನ್ಮೇಲೆ ನಾನೇ ಮಾಡ್ಕೊಡ್ತೀನಿ.”

“ಬೇಡ ರೀ. ಇದರ ಹಿಂದೆ ನನ್ನ ಸಾಲು ಒತ್ತಿದ್ರೆ ನನಗೆ ಅನ್ನ ಇಳಿಯಲ್ಲ.”

ಕೊನೆಗೆ ತಾನೇ ಹಲ್ಲು ಕಚ್ಚಿಕೊಂಡು ನಲವತ್ತು ಕೆಟ್ಟ ಕಾರ್ಡು ಮಾಡಿದಳು. ಒಂದೊಂದು ಅಚ್ಚು ಓರೆ ಇಡುವಾಗಲೂ ಅವಳಿಗೆ ಎಳೆ ಮಗುವಿನ ಕಾಲು ತಿರುಚಿದಷ್ಟು ಸಂಕಟವಾಯಿತು. ಹದಿನೈದನೇ ದಿನ ಪರೀಕ್ಷಕರು ಬಂದು ಅವುಗಳನ್ನು ನೋಡಿ ಮೊದಲು ಮುಖ ಅರಳಿಸಿದರು. ಆಮೇಲೆ, ಯಾಕೋ ಸಂಶಯ ಬಂದು, ನಲವತ್ತನ್ನೂ ಒಂದರ ಮೇಲೊಂದು ಜೋಡಿಸಿ ಕಿಟಕಿಯ ಬೆಳಕಿಗೆ ಹಿಡಿದರು. ನಲವತ್ತು ಹಕ್ಕಿಗಳೂ ಒಂದೇ ಓರೆಯಲ್ಲಿದ್ದವು. ಶಾಯಿಯ ಕಲೆ ನಲವತ್ತರಲ್ಲೂ ಎಡಗಡೆಯ ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟೇ. ಕಂಪಾಸ್ ಪೆಟ್ಟಿಗೆ ತೆರೆದು ಕೋನ ಅಳೆದರು. ಏಳು ಡಿಗ್ರಿ, ಏಳು ಡಿಗ್ರಿ, ಏಳು ಡಿಗ್ರಿ.

“ಅಮ್ಮಾ” ಎಂದರು ಬೇಸರದಿಂದ, “ನೀವು ಸೊಟ್ಟವನ್ನೂ ನೆಟ್ಟಗೆ ಮಾಡಿಟ್ಟಿದ್ದೀರಲ್ಲ.”

“ನನ್ನ ಕೈಗೆ ಬೇರೆ ಥರ ಬರಲ್ಲ ಸಾರ್.”

“ಅದನ್ನೇ ನಾನೂ ಹೇಳ್ತಿರೋದು.”

ಮಳಿಗೆಯಲ್ಲಿ ನೋಂದಣಿಯಾಗದ ಯಂತ್ರವೊಂದು ಪತ್ತೆಯಾಗಿರುವುದಾಗಿ ಪರೀಕ್ಷಕರು ವರದಿ ಬರೆದರು. ನಿಯಮದಂತೆ ಅಂಥ ಯಂತ್ರವನ್ನು ಜಪ್ತಿ ಮಾಡಬೇಕು, ಇಲ್ಲವೆ ನೋಂದಾಯಿಸಬೇಕು.

“ಜಪ್ತಿ ಅಂದ್ರೆ?” ಕಾರ್ಡಕ್ಕ ಕೇಳಿದಳು.

“ನಿಮ್ಮನ್ನ ಗೋದಾಮಿನಲ್ಲಿ ಇಡಬೇಕಾಗುತ್ತೆ. ಅಲ್ಲಿ ಜಾಗ ಇಲ್ಲ. ನೋಂದಣಿ ವಾಸಿ. ದೃಢೀಕರಣ ಬೇಕಿರೋದು ಕೈಗೆ, ನೋಂದಣಿಯಾದ ಯಂತ್ರಕ್ಕಲ್ಲ. ಮಳಿಗೆ ಉಳಿಯುತ್ತೆ.”

ಫಾರಂ ತುಂಬಲು ಗಂಡನನ್ನು ಕರೆಸಲಾಯಿತು, ಏಕೆಂದರೆ ಯಂತ್ರ ತನ್ನ ಫಾರಂ ತಾನೇ ತುಂಬುವಂತಿಲ್ಲ. ತಯಾರಾದ ವರ್ಷದ ಎದುರು ಹುಟ್ಟಿದ ವರ್ಷ ಬರೆಸಿದರು. ಇಂಧನ: ಕಾಫಿ, ದಿನಕ್ಕೆ ಎರಡು ಲೋಟ. ಶಬ್ದ ಎಷ್ಟು ಎಂದಾಗ ಗಂಡ ಹೆಂಡತಿಯ ಮುಖ ನೋಡಿ ‘ಮಧ್ಯಮ’ ಎಂದ. ಮಾಲೀಕರ ಹೆಸರು ಎಂಬಲ್ಲಿ ಅವನ ಹೆಸರು ಬಂತು, ಅವನು ಸ್ವಲ್ಪ ಬೆನ್ನು ನೆಟ್ಟಗೆ ಮಾಡಿಕೊಂಡ. ‘ಕೈಯಿಂದ ಮಾಡಿದ್ದು’ ಅಚ್ಚನ್ನು ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆ ಒತ್ತಿ ಇಲಾಖೆ ವಶಕ್ಕೆ ತೆಗೆದುಕೊಂಡಿತು. ಬದಲಿಗೆ ‘ಯಂತ್ರದಿಂದ ತಯಾರಾದದ್ದು’ ಎಂಬ ಹೊಸ ಅಚ್ಚು ಕೊಟ್ಟಿತು. ಕಾರ್ಡಕ್ಕ ಅದನ್ನು ಕೈಯಲ್ಲಿ ಹಿಡಿದು ಅತ್ತಳು. ಯಂತ್ರದಲ್ಲಿ ಸೋರಿಕೆ ಕಂಡುಬಂದಿರುವುದಾಗಿ ಪರೀಕ್ಷಕರು ಒಂದು ಟಿಪ್ಪಣಿ ಹಾಕಿಕೊಂಡರು. ಅಂದೇ ಸಂಜೆ ಅವಳು, ತಾನು ಮನುಷ್ಯಳೆಂದೂ ತನ್ನ ಅಚ್ಚನ್ನು ವಾಪಸು ಕೊಡಬೇಕೆಂದೂ, ಇಲಾಖೆಗೆ ಮೇಲ್ಮನವಿ ಸಲ್ಲಿಸಿದಳು.

ಮೇಲ್ಮನವಿ ಮೇಜಿನಿಂದ ಮೇಜಿಗೆ ಹೋಗುತ್ತಿರುವಾಗ ಪರೀಕ್ಷಕರು ಯಂತ್ರದ ಮಾಸಿಕ ತಪಾಸಣೆಗೆಂದು ಮನೆಗೆ ಬಂದರು. ಬಂದಾಗ ಯಂತ್ರ ಪಾತ್ರೆ ತೊಳೆಯುತ್ತಿತ್ತು.

“ಏನ್ರೀ ಇದು?” ಪರೀಕ್ಷಕರು ಗಂಡನ ಕಡೆ ತಿರುಗಿದರು. “ಕಾರ್ಡು ತಯಾರಿಕೆಗೆ ನೋಂದಣಿಯಾದ ಯಂತ್ರವನ್ನ ಅನ್ಯ ಕೆಲಸಕ್ಕೆ ಹಚ್ಚಿದ್ದೀರಾ?”

“ಸಾರ್, ಅವಳು ನನ್ನ ಹೆಂಡತಿ!”

“ಆ ಬಗ್ಗೆ ನಮ್ಮಲ್ಲಿ ದಾಖಲೆ ಇಲ್ಲ.”

ಗಂಡನಿಗೆ ಅಲ್ಲೇ ನೋಟಿಸು ಕೊಟ್ಟು, ಯಂತ್ರ ಸಂರಕ್ಷಣಾ ನಿಯಮಗಳನ್ನು ಓದಿ ಹೇಳಿದರು. ಯಂತ್ರವನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ನಡೆಸತಕ್ಕದ್ದಲ್ಲ. ಹೊಗೆ, ಒಗ್ಗರಣೆಯ ಘಾಟು, ಸಾಬೂನಿನ ನೀರು ತಗುಲಿಸತಕ್ಕದ್ದಲ್ಲ. ಗಾಳಿ ಬೆಳಕಿರುವ ಕಿಟಕಿಯ ಪಕ್ಕದಲ್ಲೇ ಇರಿಸತಕ್ಕದ್ದು. ಬಿಸಿಯಾದಾಗ ತಣಿಯಲು ಬಿಡತಕ್ಕದ್ದು, ಆ ಸಮಯದಲ್ಲಿ ಅದರೊಂದಿಗೆ ವಾದಿಸತಕ್ಕದ್ದಲ್ಲ. ಭಾನುವಾರ ಸಂಪೂರ್ಣ ನಿಲುಗಡೆ. ಉಲ್ಲಂಘಿಸಿದರೆ ಮಾಲೀಕರಿಗೆ ಆರು ತಿಂಗಳ ಸಜೆ.

ಗಂಡ ಅಂಗಿಯ ತೋಳು ಮಡಿಸಿ ಪಾತ್ರೆಗಳ ಮುಂದೆ ಕೂತ.

ಮೊದಲ ಭಾನುವಾರ ಕಾರ್ಡಕ್ಕನಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಎರಡು ಸಲ ಅಡುಗೆಮನೆಗೆ ಎದ್ದು ಹೋದಳು, ಎರಡು ಸಲವೂ ಗಂಡ ಕೈಮುಗಿದು ವಾಪಸು ಕಳಿಸಿದ. “ಮಾರಾಯ್ತಿ, ನನ್ನನ್ನ ಜೈಲಿಗೆ ಕಳಿಸ್ಬೇಡ.” ಮೂರನೇ ಭಾನುವಾರದ ಹೊತ್ತಿಗೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಅವಳಿಗೆ ಮಧ್ಯಾಹ್ನದ ನಿದ್ದೆ ಹತ್ತಿತು. ಹೆಂಡತಿಯಾಗಿ ಇಪ್ಪತ್ತಾರು ವರ್ಷದಲ್ಲಿ ಸಿಗದ ರಜೆ ಯಂತ್ರವಾಗಿ ಒಂದೇ ತಿಂಗಳಲ್ಲಿ ಸಿಕ್ಕಿದ್ದು ಅವಳಿಗೆ ತಮಾಷೆಯಾಗಿ ಕಂಡಿತು, ಆಮೇಲೆ ಸಿಟ್ಟು ಬಂತು, ಸಿಟ್ಟಿನಲ್ಲೇ ಇನ್ನೊಂದು ನಿದ್ದೆ ತೆಗೆದಳು. ಗಂಡನ ಅಡುಗೆಯಲ್ಲಿ ಮೊದಮೊದಲು ಪ್ರತಿ ತುತ್ತಿಗೂ ಮೂರು ಕುಂದುಗಳಿದ್ದವು. ಅದು ಕೈಯಿಂದಲೇ ಮಾಡಿದ್ದೆಂದು ಯಾರಾದರೂ ಕಣ್ಣುಮುಚ್ಚಿ ದೃಢೀಕರಿಸಬಹುದಾಗಿತ್ತು.

ಈ ನಡುವೆ ಹತ್ತನೇ ಮಳಿಗೆಯ ಯಂತ್ರಕ್ಕೆ ‘ವರ್ಷದ ಅತ್ಯುತ್ತಮ ಕೈ’ ಪ್ರಶಸ್ತಿ ಬಂತು. ಅದು ಎರಡು ಟನ್ ತೂಕವಿದ್ದು ವೇದಿಕೆ ಹತ್ತುವಂತಿರಲಿಲ್ಲವಾದ್ದರಿಂದ ಮಾಲೀಕರೇ ಸ್ವೀಕರಿಸಿ, ಕಷ್ಟಪಟ್ಟು ಮೇಲೆ ಬಂದ ಕೈಗಳ ಬಗ್ಗೆ ಮನಕಲಕುವಂತೆ ಮಾತನಾಡಿದರು. ಆ ಕೈಗೆ ಕೀಲುನೋವು ಬಾರದಿರಲೆಂದು ಇಲಾಖೆ ಒಂದು ಡಬ್ಬಿ ಮುಲಾಮು ಕೊಟ್ಟಿತು.

ಎಂಟು ತಿಂಗಳಾದ ಮೇಲೆ ಪರೀಕ್ಷಕರು ನಗುನಗುತ್ತ ಕಾರ್ಡಕ್ಕನ ಮನೆಗೆ ಬಂದರು. ಒಂದು ಕೈಯಲ್ಲಿ ಆದೇಶ, ಇನ್ನೊಂದರಲ್ಲಿ ಅರಗಿನ ಮುದ್ರೆಯ ಲಕೋಟೆ.

“ಗೆದ್ದುಬಿಟ್ರಿ ಅಮ್ಮಾ! ಯಂತ್ರ ಮೇಲ್ಮನವಿ ಹಾಕೋದು ಎಲ್ಲೂ ನಡೆದಿಲ್ಲವಾದ್ದರಿಂದ ನೀವು ಮನುಷ್ಯರೇ ಅಂತ ತೀರ್ಮಾನ ಆಗಿದೆ. ನಾಳೆಯಿಂದಲೇ ಜಾರಿ.”

ಗಂಡ ಅಡುಗೆಮನೆಯಿಂದ ಓಡಿ ಬಂದ. ಅವನ ಮುಖದಲ್ಲಿ ಎಂಟು ತಿಂಗಳಿಂದ ಕಾಣದಿದ್ದ ಕಳೆ. “ನಾನು ಆವತ್ತೇ ಹೇಳಿದ್ದೆ ಸಾರ್, ಅವಳು ಮನುಷ್ಯಳೇ ಅಂತ!” ಎಂದವನೇ ಕೈಯಲ್ಲಿದ್ದ ಸೌಟನ್ನು ಹೆಂಡತಿಯ ಮುಂದೆ ಮೇಜಿನ ಮೇಲಿಟ್ಟ.

ಕಾರ್ಡಕ್ಕ ಲಕೋಟೆ ಒಡೆದಳು. ತನ್ನ ಅಚ್ಚನ್ನು ಅಂಗೈಯಲ್ಲಿಟ್ಟುಕೊಂಡು ಹೆಬ್ಬೆರಳಿನಿಂದ ಅಕ್ಷರ ಸವರಿದಳು. ಕಳೆದುಹೋಗಿದ್ದ ಮಗಳು ಮನೆಗೆ ಬಂದಷ್ಟು ಸಂತೋಷವಾಯಿತು. ಶಾಯಿಯ ಮೆತ್ತೆಗೆ ಅದನ್ನು ಮುಟ್ಟಿಸಲು ಹೋದವಳು ತಡೆದು ಕೇಳಿದಳು.

“ಸಾರ್, ಮನುಷ್ಯಳಾದ್ರೆ ಆ ಎಂಟು ಗಂಟೆ?”

“ಅದು ಯಂತ್ರಗಳಿಗಮ್ಮಾ.”

“ಕಿಟಕಿ?”

“ಅದೂನೂ.”

“ಭಾನುವಾರ?”

“ಮನುಷ್ಯರ ಭಾನುವಾರ ನಮ್ಮ ಇಲಾಖೆ ವ್ಯಾಪ್ತಿಗೆ ಬರೋದಿಲ್ಲ.”

ಕಾರ್ಡಕ್ಕ ಅಚ್ಚು ನೋಡಿದಳು, ಸೌಟು ನೋಡಿದಳು. ಆ ಸಾಲನ್ನು ಅವಳು ನಿಜವಾಗಿಯೂ ಪ್ರೀತಿಸುತ್ತಿದ್ದಳು. ಆದರೂ ಅದನ್ನು ಲಕೋಟೆಯೊಳಗಿಟ್ಟು ಪರೀಕ್ಷಕರ ಕಡೆ ತಳ್ಳಿದಳು.

“ಮೇಲ್ಮನವಿ ವಾಪಸ್ ತಗೋತೀನಿ ಸಾರ್. ತಪ್ಪಾಗಿ ಹಾಕಿದ್ದೆ ಅಂತ ಬರ್ಕೊಳ್ಳಿ.”

“ಹಾಗೆ ಬರೆಯೋಕಾಗಲ್ಲ ಅಮ್ಮಾ. ತಪ್ಪು ಮಾಡಿದ್ದೀರಿ ಅಂದ್ರೆ ಮನುಷ್ಯರೇ ಅಂತ ಇನ್ನೂ ಗಟ್ಟಿ ಆಗಿಬಿಡುತ್ತೆ.”

“ಹಾಗಾದ್ರೆ ಮಾಲೀಕರು ತಪ್ಪಾಗಿ ಹಾಕಿದ್ದು ಅಂತ ಬರ್ಕೊಳ್ಳಿ.”

“ಇದು ಸರಿ” ಎಂದರು ಪರೀಕ್ಷಕರು. ಗಂಡ ಬಾಯಿ ತೆರೆದ. ಯಂತ್ರ ಬಿಸಿಯಾಗಿರುವುದು ಕಣ್ಣಿಗೆ ಬಿದ್ದು ಮುಚ್ಚಿಕೊಂಡ, ತೋರಿಸಿದಲ್ಲಿ ಸಹಿ ಹಾಕಿದ, ಸೌಟು ಎತ್ತಿಕೊಂಡು ಒಳಗೆ ಹೋದ. ಒಲೆಯ ಮೇಲಿನದು ತಳ ಹಿಡಿಯುತ್ತಿತ್ತು.

ಮುಂದಿನ ಸೋಮವಾರ ಕರಕುಶಲ ಭವನದ ಯಂತ್ರ ನೋಂದಣಿಯ ಮೇಜಿನ ಮುಂದೆ ಮೂವತ್ತೊಂದು ಹೆಂಗಸರು ಸಾಲಾಗಿ ನಿಂತಿದ್ದರು. ಕಾರ್ಡಕ್ಕ ತನ್ನ ಮಳಿಗೆಯಿಂದ ನೋಡುತ್ತಿದ್ದಳು. ಅವರಲ್ಲಿ ಒಬ್ಬರಿಗೂ ಕಾರ್ಡು ಮಾಡಲು ಬರುತ್ತಿರಲಿಲ್ಲ.

“ಏನು ತಯಾರಿಸ್ತೀರಿ?” ಪರೀಕ್ಷಕರು ಮೊದಲನೆಯವಳನ್ನು ಕೇಳಿದರು.

“ಮೂರು ಹೊತ್ತೂ ಎಲ್ಲಾನೂ.”

“ಕುಂದು?”

“ಮನೆಯವರು ದಿನಾ ಹೇಳ್ತಾರೆ ಸಾರ್. ಇನ್ನೂ ತೋರಿಸಿಲ್ಲ.”

ಪರೀಕ್ಷಕರಿಗೆ ಆಕ್ಷೇಪಿಸಲು ಏನೂ ಕಾಣಲಿಲ್ಲ. ಒಬ್ಬೊಬ್ಬರನ್ನಾಗಿ ಬರೆದುಕೊಂಡರು, ಪುಸ್ತಕ ಮುಗಿದು ಇನ್ನೊಂದು ತರಿಸಿದರು. ಸಾಲಿನ ಕೊನೆಯಲ್ಲಿ ನಿಂತಿದ್ದವರು ಅವರ ಹೆಂಡತಿಯೇ. ಇಬ್ಬರೂ ಮುಖ ಮುಖ ನೋಡಿಕೊಂಡರು. ಪರೀಕ್ಷಕರು ನಿಯಮ ಮೀರುವ ಮನುಷ್ಯರಲ್ಲ. ಇಂಧನ, ಶಬ್ದ, ತಯಾರಾದ ವರ್ಷ ಎಲ್ಲವನ್ನೂ ಕ್ರಮವಾಗಿ ಕೇಳಿ ತುಂಬಿದರು, ಮಾಲೀಕರ ಹೆಸರು ಎಂಬಲ್ಲಿ ತಮ್ಮ ಹೆಸರನ್ನು ದುಂಡಗೆ ಬರೆದುಕೊಂಡರು, ಗಡಿಯಾರ ನೋಡಿ, ಅಡುಗೆಗೆ ಹೊತ್ತಾಯಿತೆಂದು ಅರ್ಧ ದಿನದ ರಜೆ ಚೀಟಿ ಬರೆದಿಟ್ಟು ಮನೆಗೆ ಹೊರಟರು.